ಒಂದು ಪದ, ಹಲವು ಹದ

ಪರಭಾಷೆಯೊಂದನ್ನು ಕಲಿಯುವವರಿಗೆ ಕಠಿಣವಾದ ಪದಗಳಿಂದ ಆಗುವ ತೊಂದರೆಯು ಅಲ್ಪವಾದುದು. ಕಠಿಣ ಪದವು ಎದುರಾದೊಡನೆ ಓದುಗನು ನಿಲ್ಲುತ್ತಾನೆ; ನಿಘಂಟನ್ನು ತೆರೆಯುತ್ತಾನೆ; ಬಲ್ಲವರನ್ನು ಕೇಳುತ್ತಾನೆ. ನಿಜವಾದ ತೊಂದರೆಯು ಉಂಟಾಗುವುದು ದಿನಬಳಕೆಯ ಸಣ್ಣ ಪದಗಳಿಂದ. ಅವುಗಳ ಒಂದು ಅರ್ಥವನ್ನು ಬಾಲ್ಯದಲ್ಲಿಯೇ ಕಲಿತಿರುವುದರಿಂದ, ಬೇರೆ ಅರ್ಥಗಳೂ ಇರಬಹುದೆಂಬ ಸಂದೇಹವೇ ನಮಗೆ ಹುಟ್ಟುವುದಿಲ್ಲ. ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಮೈಸೂರು ಜಿಲ್ಲೆಯ ಪಶ್ಚಿಮದ ಕಡೆಗಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಹೊಲ, ಅಂಗಡಿ, ಆಸ್ಪತ್ರೆ, ಕಟ್ಟಡ ಎಲ್ಲೆಲ್ಲಿಯೂ ಕಿವಿಗೆ ಬೀಳುವ ಒಂದು ಇಂಗ್ಲಿಷ್ ಪದವುಂಟು. ಅದು ‘ಕ್ಯೂರ್’ ಎಂಬುದು. ಈ ಒಂದು ಪದವನ್ನು ಸರಿಯಾಗಿ ಅರಿತವನು ಆ ಸೀಮೆಯ ಅರ್ಧ ಜೀವನವನ್ನು ಅರಿತಂತೆಯೇ ಸರಿ. ಅರೆಯಾಗಿ ಅರಿತವನು ಮೋಸಹೋಗುವುದಕ್ಕೂ ಅವಕಾಶವುಂಟು. ಆದುದರಿಂದ ಈ ಪದದ ವಿಚಾರವನ್ನು ವಾಚಕರ ಮುಂದೆ ಇಡುವುದು ಅಪ್ರಕೃತವಾಗಲಾರದೆಂದು ನಾವು ಭಾವಿಸುತ್ತೇವೆ.

ಶಾಲೆಯಲ್ಲಿ ಮಕ್ಕಳು ಈ ಪದಕ್ಕೆ ಕಲಿಯುವ ಅರ್ಥವು ಸಾಮಾನ್ಯವಾಗಿ ಒಂದೇ: ರೋಗವನ್ನು ಗುಣಪಡಿಸುವುದು. ಕರ್ನಾಟಕದಲ್ಲಿ ೨೦೦೭-೦೮ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಏರ್ಪಾಡು ಬಂದಿತು. ಹಳ್ಳಿಯ ಮಗುವಿಗೂ ಪರಭಾಷೆಯ ಪರಿಚಯವು ಬೇಗನೆ ಆಗುವಂತಾಯಿತು; ಇದು ಒಳ್ಳೆಯದೇ. ಆದರೆ ಕೈಪಿಡಿಗಳಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಕನ್ನಡ ಪದ, ಹೀಗೆ ಎರಡು ಸಾಲುಗಳನ್ನು ಬರೆದು ಬಾಯಿಪಾಠ ಮಾಡಿಸುವ ಪದ್ಧತಿಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಮಗುವು ಸಂಜೆ ಮನೆಗೆ ಬಂದರೆ ಅದರ ತಂದೆಯು ಹೊಗೆಸೊಪ್ಪಿನ ಬ್ಯಾರನ್ನಿನ ಒಲೆಯ ಮುಂದೆ ಕುಳಿತಿರುತ್ತಾನೆ. ಅವನು ಬೆಳೆಯುವ ಬೆಳೆಯ ಹೆಸರು ‘ಫ್ಲೂ ಕ್ಯೂರ್ಡ್ ವರ್ಜೀನಿಯಾ’. ಶಾಲೆಯಲ್ಲಿ ಫ್ಲೂ ಎಂದರೆ ಶೀತಜ್ವರವೆಂದೂ, ಕ್ಯೂರ್ ಎಂದರೆ ವಾಸಿಮಾಡುವುದೆಂದೂ ಕಲಿತ ಹುಡುಗನು ಈ ಎರಡನ್ನೂ ಕೂಡಿಸಿಕೊಂಡು, ತನ್ನ ತಂದೆಯು ಬೆಳೆಯುವುದು ಶೀತಜ್ವರವನ್ನು ವಾಸಿಮಾಡುವ ಸೊಪ್ಪೆಂದು ತಿಳಿದರೆ ಆ ತಪ್ಪು ಹುಡುಗನದಲ್ಲ. ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುವ ಆ ಫ್ಲೂಗಳು ಕನ್ನಡ ಲಿಪಿಯಲ್ಲಿ ಒಂದೇ ಆಗಿವೆ. ಇಲ್ಲಿಯ ಫ್ಲೂ ಎಂದರೆ ಜ್ವರವಲ್ಲ, ಬಿಸಿಗಾಳಿಯು ಹರಿಯುವ ಕೊಳವೆ. ಇಲ್ಲಿಯ ಕ್ಯೂರ್ ಎಂದರೆ ವಾಸಿಮಾಡುವುದಲ್ಲ, ಎಲೆಯನ್ನು ಹದಗೊಳಿಸುವುದು. ರೈತನು ಆಡುವ ಬ್ಯಾರನ್ ಎಂಬ ಮಾತಿಗೂ ಇಂಗ್ಲಿಷರ ಶ್ರೀಮಂತ ಪದವಿಗೂ ಸಂಬಂಧವಿಲ್ಲ. ಧಾನ್ಯವನ್ನೂ ದನಕರುಗಳನ್ನೂ ಇಡುವ ಕಣಜಕ್ಕೆ ಅವರಲ್ಲಿ ಇದ್ದ ಹೆಸರು ನಮ್ಮ ಸೀಮೆಗೆ ಬಂದು ಹೊಗೆಸೊಪ್ಪು ಬೇಯಿಸುವ ಗೂಡಿಗೆ ಅಂಟಿಕೊಂಡಿತು.

ಈ ಹದಗೊಳಿಸುವ ಕಾರ್ಯವು ಏನೆಂಬುದನ್ನು ಪಟ್ಟಣವಾಸಿಗಳಾದ ನಮ್ಮ ವಾಚಕರಲ್ಲಿ ಹಲವರು ನೋಡಿರಲಾರರು. ಮೇ ತಿಂಗಳ ಸುಮಾರಿನ ಮಳೆಗೆ ನಾಟಿಯಾದ ಸಸಿಯು ಜುಲೈ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಗಿಡವನ್ನು ಒಮ್ಮೆಗೇ ಕತ್ತರಿಸುವುದಿಲ್ಲ. ಕೆಳಗಿನಿಂದ ಮಾಗುತ್ತ ಬಂದ ಎರಡು ಮೂರು ಎಲೆಗಳನ್ನು ಮಾತ್ರ ವಾರಕ್ಕೊಮ್ಮೆ ಮುರಿದು ತರುತ್ತಾರೆ. ಅವನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಒಲೆಯ ಬಾಯಿ ಹೊರಗೆ. ಅದರ ಶಾಖವನ್ನು ಹೊತ್ತ ಕಬ್ಬಿಣದ ಕೊಳವೆಗಳು ಒಳಗೆ. ಹೊಗೆಯು ಎಲೆಯನ್ನು ಮುಟ್ಟುವುದಿಲ್ಲ, ಶಾಖವು ಮಾತ್ರ ಮುಟ್ಟುತ್ತದೆ. ಮೊದಲು ಸುಮಾರು ೩೫ರಿಂದ ೪೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೇವವನ್ನು ಬಿಟ್ಟುಕೊಡದೆ, ಎಲೆಯು ಹಸಿರನ್ನು ಕಳೆದುಕೊಂಡು ಹಳದಿಯಾಗಬೇಕು. ಆ ಹೊತ್ತಿನಲ್ಲಿ ಎಲೆಗೆ ಇನ್ನೂ ಜೀವವಿರುತ್ತದೆ. ಅದರೊಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಬಳಿಕ ಗಾಳಿಕಂಡಿಗಳನ್ನು ತೆರೆದು, ಶಾಖವನ್ನು ಏರಿಸುತ್ತ, ಬಣ್ಣವನ್ನು ನಿಲ್ಲಿಸಿ ಎಲೆಯನ್ನು ಒಣಗಿಸಬೇಕು. ಕೊನೆಗೆ ಸುಮಾರು ೭೦ ಡಿಗ್ರಿಯವರೆಗೆ ಏರಿಸಿ ನಡುನರವನ್ನು ಒಣಗಿಸಬೇಕು. ಅವಸರಪಟ್ಟರೆ ಎಲೆಯು ಹಸಿರಾಗಿಯೇ ಒಣಗುತ್ತದೆ. ಅಲಸ್ಯ ಮಾಡಿದರೆ ಕಂದುತ್ತದೆ. ಐದರಿಂದ ಏಳು ದಿವಸಗಳವರೆಗೆ ರಾತ್ರಿ ಹಗಲೆನ್ನದೆ ಒಲೆಯ ಬಳಿ ಕಾವಲಿರತಕ್ಕದ್ದು. ಒಂದು ರಾತ್ರಿಯ ನಿದ್ರೆಯು ಒಂದು ಬ್ಯಾರನ್ನಿನ ಬೆಲೆಯನ್ನು ಇಳಿಸಬಲ್ಲದು.

ಈ ದುಡಿಮೆಯ ಫಲವನ್ನು ಅಳೆಯುವ ಸ್ಥಳವು ಹರಾಜು ಕಟ್ಟೆ. ೧೯೭೫ರ ಅಧಿನಿಯಮದ ಮೇರೆಗೆ ಹುಟ್ಟಿ, ೧೯೭೬ನೆಯ ಜನವರಿ ೧ರಿಂದ ಕೆಲಸಕ್ಕೆ ತೊಡಗಿದ, ಗುಂಟೂರಿನಲ್ಲಿ ಮುಖ್ಯ ಕಛೇರಿಯುಳ್ಳ ತಂಬಾಕು ಮಂಡಳಿಯು ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿತು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ, ಹಾಗೂ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಇವು ರೈತರ ಬಾಯಲ್ಲಿ ಊರ ಹೆಸರುಗಳಿಗಿಂತ ಹೆಚ್ಚಾಗಿ ಹರಾಜಿನ ಹೆಸರುಗಳಾಗಿವೆ. ಅಲ್ಲಿ ನಡೆಯುವ ಮಾತುಗಳನ್ನು ಕೇಳಿರಿ: ಲೈಸೆನ್ಸು, ಕೋಟಾ, ಗ್ರೇಡು, ಬ್ರೈಟು, ಬೇಲು, ‘ನೋ ಬಿಡ್’. ಇವೆಲ್ಲವೂ ಇಂಗ್ಲಿಷ್, ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಅರ್ಥಗಳುಂಟು, ಕಟ್ಟೆಯ ಮೇಲೆ ಪ್ರತಿಯೊಂದಕ್ಕೂ ಒಂದೇ ಅರ್ಥ. ಅಕ್ಷರವನ್ನೇ ಅರಿಯದ ಮುದುಕನೂ ಅವನ್ನು ತಪ್ಪಿಲ್ಲದೆ ಬಳಸುತ್ತಾನೆ. ಬ್ರೈಟು ಎಂದರೆ ಹೊಳೆಯುವುದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಮೊಮ್ಮಗನಿಗೆ, ಅಜ್ಜನ ಕೈಯಲ್ಲಿರುವ ಹಳದಿಯೆಲೆಯು ಏಕೆ ಬ್ರೈಟು, ಪಕ್ಕದ ಕಂದೆಲೆಯು ಏಕೆ ಅಲ್ಲ ಎಂಬುದು ಗೊತ್ತಿರುವುದಿಲ್ಲ. ಒಬ್ಬನಿಗೆ ಪದವುಂಟು, ವಸ್ತುವಿಲ್ಲ. ಇನ್ನೊಬ್ಬನಿಗೆ ವಸ್ತುವುಂಟು, ಪದದ ಬರಹವಿಲ್ಲ. ಇವರಿಬ್ಬರನ್ನೂ ಒಂದೆಡೆ ಕೂಡಿಸುವುದೇ ವಿದ್ಯಾಭ್ಯಾಸದ ಕೆಲಸ.

ಹೊಗೆಸೊಪ್ಪಿನಲ್ಲಿಗೆ ಈ ಪದದ ಕಥೆಯು ಮುಗಿಯಲಿಲ್ಲ. ಕೊಡಗಿನಿಂದ ಮೈಸೂರಿಗೆ ಇಳಿಯುವ ಹೆದ್ದಾರಿಯು ಪಿರಿಯಾಪಟ್ಟಣ, ಹುಣಸೂರುಗಳ ಮೂಲಕವೇ ಹಾಯುವುದರಿಂದ ಕಾಫಿಯ ವ್ಯಾಪಾರವು ಈ ದಾರಿಗೆ ಹಳೆಯದು. ಹುಣಸೂರಿನ ಕಾಫಿ ಕಾರ್ಖಾನೆಯ ಪ್ರಸ್ತಾಪವು ಆಂಗ್ಲರ ಕಾಲದ ಗೆಜೆಟಿಯರಿನಲ್ಲಿಯೇ ಬಂದಿದೆ. ಕಾಫಿಯನ್ನು ಕ್ಯೂರ್ ಮಾಡುವುದೆಂದರೆ ಅದನ್ನು ಬೇಯಿಸುವುದಲ್ಲ. ತೋಟದಲ್ಲಿ ಒಣಗಿ ಬಂದ ಬೀಜದ ಸಿಪ್ಪೆಯನ್ನು ತೆಗೆದು, ನಯಮಾಡಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಕೆಟ್ಟ ಕಾಳನ್ನು ಆರಿಸಿ ಮಾರಾಟಕ್ಕೆ ಅಣಿಮಾಡುವುದು. ಅದೇ ಹುಣಸೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೇನೆಯ ಸರಬರಾಯಿ ಇಲಾಖೆಗೆ ಸೇರಿದ ಚರ್ಮದ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿಗಳಿದ್ದವು. ೧೮೬೪ರಲ್ಲಿ ಸರ್ಕಾರದವರು ಅವನ್ನು ಮುಚ್ಚಿದರು. ಚರ್ಮದ ಕಸುಬಿನಲ್ಲಿ ಕ್ಯೂರ್ ಎಂದರೆ ಮತ್ತೊಂದು ಅರ್ಥ: ಸುಲಿದ ಹಸಿ ತೊಗಲು ಕೊಳೆಯದಂತೆ ಅದಕ್ಕೆ ಉಪ್ಪು ಸವರಿ ಇಡುವುದು. ಅದನ್ನು ತೊಗಟೆಯ ಒಗರಿನಲ್ಲಿ ನೆನೆಸಿ ಬಾಳುವ ಚರ್ಮವನ್ನಾಗಿ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಟ್ಯಾನ್ ಎಂಬ ಬೇರೆ ಪದವುಂಟು. ಕನ್ನಡದಲ್ಲಿ ನಾವು ಎರಡಕ್ಕೂ ಹದಮಾಡುವುದೆಂದೇ ಹೇಳಿಬಿಡುತ್ತೇವೆ. ಇಂಗ್ಲಿಷಿನ ಒಂದು ಪದವು ಕನ್ನಡದಲ್ಲಿ ಹಲವಾಗುವಂತೆ, ಇಂಗ್ಲಿಷಿನ ಎರಡು ಪದಗಳು ಕನ್ನಡದಲ್ಲಿ ಒಂದಾಗುವುದೂ ಉಂಟೆಂಬುದಕ್ಕೆ ಇದು ನಿದರ್ಶನ.

ಇನ್ನು ಕೃಷ್ಣರಾಜನಗರದಲ್ಲಾಗಲಿ ಹೆಗ್ಗಡದೇವನಕೋಟೆಯಲ್ಲಾಗಲಿ ಮನೆ ಕಟ್ಟಿಸುತ್ತಿರುವ ಗೃಹಸ್ಥನನ್ನು ಕೇಳಿದರೆ, ‘ಮೇಲ್ಛಾವಣಿ ಹಾಕಿ ಆಯಿತು, ಕ್ಯೂರಿಂಗ್ ನಡೆಯುತ್ತಿದೆ’ ಎನ್ನುವನು. ಗಾರೆಯವನು ಬೆಳಿಗ್ಗೆ ಸಂಜೆ ನೀರು ಹಾಯಿಸುತ್ತಾನೆ. ಗೋಣಿತಾಟನ್ನು ನೆನೆಸಿ ಹೊದಿಸುತ್ತಾನೆ. ಛಾವಣಿಯ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾನೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ನೀರಿನೊಡನೆ ಕೂಡಿ ಆಗುವ ರಾಸಾಯನಿಕ ಕ್ರಿಯೆಯಿಂದ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕಡಮೆಯೆಂದರೆ ಏಳು ದಿವಸ, ಮಿಶ್ರ ಸಿಮೆಂಟಿನದಾದರೆ ಹತ್ತು ದಿವಸ ತೇವವಾಗಿ ಇಡಬೇಕೆಂದು ೨೦೦೦ದ ಭಾರತೀಯ ಮಾನಕವು ವಿಧಿಸಿದೆ. ವಾಚಕರು ಇಲ್ಲಿಯ ಸ್ವಾರಸ್ಯವನ್ನು ಗಮನಿಸಬೇಕು. ಬ್ಯಾರನ್ನಿನಲ್ಲಿ ಕ್ಯೂರ್ ಎಂದರೆ ನೀರನ್ನು ತೆಗೆಯುವುದು. ಅದರ ಪಕ್ಕದಲ್ಲಿಯೇ ಏಳುತ್ತಿರುವ ಮನೆಯ ಛಾವಣಿಯಲ್ಲಿ ಕ್ಯೂರ್ ಎಂದರೆ ನೀರನ್ನು ಉಳಿಸುವುದು. ಎರಡಕ್ಕೂ ಏಳು ದಿವಸಗಳ ಕಾವಲು. ಒಂದಕ್ಕೆ ಬೆಂಕಿ, ಇನ್ನೊಂದಕ್ಕೆ ನೀರು. ಕ್ಯೂರ್ ಎಂದರೆ ಒಣಗಿಸುವುದೆಂದು ಹೊಗೆಸೊಪ್ಪಿನ ಅನುಭವದಿಂದ ತಿಳಿದ ಕೂಲಿಯಾಳು ಅದೇ ಅರ್ಥವನ್ನು ಛಾವಣಿಗೆ ಹಚ್ಚಿ ಬಿಸಿಲಿಗೆ ಬಿಟ್ಟರೆ ಮನೆಯು ಬಿರುಕುಬಿಡುವುದು. ಪದದ ಅರ್ಥವೆಂಬುದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಇಷ್ಟೊಂದು ಪರಸ್ಪರ ವಿರುದ್ಧವಾದ ಕೆಲಸಗಳಿಗೆ ಒಂದೇ ಪದವು ಹೇಗೆ ಬಂದಿತೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಈ ಪದದ ಬೇರು ಲ್ಯಾಟಿನ್ ಭಾಷೆಯ ‘ಕ್ಯೂರ’. ಅದಕ್ಕೆ ಲಕ್ಷ್ಯ, ಆರೈಕೆ, ಹೊಣೆ ಎಂದು ಅರ್ಥ. ಇಂಗ್ಲಿಷಿನಲ್ಲಿ ಈ ಪದವು ಮೊದಲು ಕಾಣಿಸಿಕೊಂಡಾಗ ಅದಕ್ಕೆ ರೋಗದೊಡನೆ ಇದ್ದ ಸಂಬಂಧವು ಅಲ್ಪ. ಒಂದು ಗ್ರಾಮದ ಜನರ ಆತ್ಮೋದ್ಧಾರದ ಹೊಣೆಯನ್ನು ಹೊತ್ತ ಪಾದ್ರಿಯ ಕೆಲಸಕ್ಕೆ ಆ ಹೆಸರಿತ್ತು. ಇಂದಿಗೂ ಅವರ ಚರ್ಚಿನಲ್ಲಿ ಕ್ಯೂರೇಟ್ ಎಂಬ ಅಧಿಕಾರಿಯಿರುವನು. ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುವವನು ಕ್ಯುರೇಟರ್. ಚಿಂತೆಯಿಲ್ಲದ ಸ್ಥಿತಿಯು ಸೆಕ್ಯೂರ್. ಲಕ್ಷ್ಯವಿಟ್ಟು ಮಾಡಿದುದು ಆಕ್ಯುರೇಟ್. ಸಂಬಳವುಂಟು, ಹೊಣೆಯಿಲ್ಲ ಎಂಬ ಹುದ್ದೆಗೆ ಸೈನಿಕ್ಯೂರ್ ಎಂದು ಹೆಸರು. ಅಂತಹ ಹುದ್ದೆಗಳು ನಮ್ಮಲ್ಲಿ ಉಂಟೋ ಇಲ್ಲವೋ ಎಂಬುದನ್ನು ಅಧಿಕಾರಿವರ್ಗದ ವಾಚಕರೇ ಬಲ್ಲರು. ಹೀಗೆ ನೋಡಿದರೆ ಮೊದಲು ಇದ್ದುದು ಆರೈಕೆ ಎಂಬ ಒಂದೇ ಅರ್ಥ. ರೋಗಿಯ ಆರೈಕೆಯು ಫಲಿಸಿದರೆ ವಾಸಿ. ಮೀನು, ಮಾಂಸ, ತೊಗಲು, ಎಲೆಗಳ ಆರೈಕೆಯು ಫಲಿಸಿದರೆ ಹದ. ಆದರೆ ಆರೈಕೆ ಎಂಬ ಅರ್ಥದಲ್ಲಿ ಈಗ ಎಲ್ಲರೂ ಬಳಸುವ ಕೇರ್ ಎಂಬ ಪದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ರೂಪದಲ್ಲಿ ಅಕ್ಕತಂಗಿಯರಂತೆ ಕಾಣುವ ಇವೆರಡರ ಮನೆತನಗಳು ಬೇರೆ. ಕೇರ್ ಎಂಬುದು ಜರ್ಮನ್ ವರ್ಗದ ಪದ. ಅದಕ್ಕೆ ಹಿಂದೆ ದುಃಖ, ಚಿಂತೆ ಎಂದು ಅರ್ಥವಿತ್ತು.

ಕ್ಯೂರ್ ಮತ್ತು ಕೇರ್‌ಗಳ ಭೇದವನ್ನು ತಿಳಿಯುವುದು ಆಸ್ಪತ್ರೆಗೆ ಹೋಗುವ ಪ್ರತಿಯೊಬ್ಬರಿಗೂ ಅವಶ್ಯ. ಮಧುಮೇಹವೇ ಮೊದಲಾದ ದೀರ್ಘವ್ಯಾಧಿಗಳಲ್ಲಿ ಹಲವಕ್ಕೆ ವೈದ್ಯನು ಕೊಡಬಲ್ಲುದು ಆರೈಕೆಯನ್ನು. ರೋಗವು ಮರಳಿ ಬಾರದಂತೆ ನೀಗಿಸುವೆನೆಂಬ ವಚನವನ್ನಲ್ಲ. ಇದನ್ನು ಕಾನೂನು ಸಹ ಗುರುತಿಸಿದೆ. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮವು ಆಕ್ಷೇಪಾರ್ಹ ಜಾಹೀರಾತುಗಳನ್ನು ನಿಷೇಧಿಸುವಾಗ ರೋಗನಿರ್ಣಯ, ವಾಸಿ, ಶಮನ, ಚಿಕಿತ್ಸೆ, ನಿವಾರಣೆ ಎಂದು ಐದು ಮಾತುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ಅದರ ಅನುಸೂಚಿಯಲ್ಲಿರುವ ಕ್ಯಾನ್ಸರ್, ಮಧುಮೇಹ ಮೊದಲಾದ ವ್ಯಾಧಿಗಳ ವಿಷಯದಲ್ಲಿ ಇಂತಹ ಜಾಹೀರಾತನ್ನು ಹೊರಡಿಸಕೂಡದು. ಹೀಗಿದ್ದರೂ ‘ಗ್ಯಾರಂಟಿ ಕ್ಯೂರ್’ ಎಂಬ ಮಾತು ಗೋಡೆಗಳ ಮೇಲೆ ಕಾಣಿಸುವುದುಂಟು. ಚಿಕಿತ್ಸೆ ಬೇರೆ, ವಾಸಿ ಬೇರೆ ಎಂದು ಶಾಲೆಯಲ್ಲಿಯೇ ಕಲಿತಿದ್ದ ರೈತನು ಬೆಳೆ ಮಾರಿದ ಹಣವನ್ನು ಅಂತಹ ಗೋಡೆಯ ಬಳಿ ಕಳೆದುಕೊಳ್ಳಲಾರನು. ವಿಚಿತ್ರವೇನೆಂದರೆ ಆಸ್ಪತ್ರೆಯೊಳಗೇ ಈ ಪದಕ್ಕೆ ಇನ್ನೊಂದು ಅರ್ಥವುಂಟು: ದಂತವೈದ್ಯನು ಹಲ್ಲಿನ ಕುಳಿಗೆ ತುಂಬಿದ ಲೇಪವನ್ನು ನೀಲಿ ಬೆಳಕಿನಿಂದ ಗಟ್ಟಿಮಾಡುವುದಕ್ಕೂ ಕ್ಯೂರ್ ಎನ್ನುತ್ತಾನೆ. ಅಲ್ಲಿ ಕ್ಯೂರ್ ಆದುದು ಹಲ್ಲುನೋವಲ್ಲ, ಲೇಪ.

ನ್ಯಾಯಾಲಯದಲ್ಲಿ ಓಡಾಡುವವರಿಗೂ ಇದರ ಪರಿಚಯವಿರಲೇಬೇಕು. ದಸ್ತಾವೇಜಿನಲ್ಲಾಗಲಿ ವ್ಯವಹರಣೆಯಲ್ಲಾಗಲಿ ಉಳಿದ ನ್ಯೂನತೆಯನ್ನು ಸರಿಪಡಿಸುವುದಕ್ಕೂ ಅವರು ಕ್ಯೂರ್ ಎನ್ನುತ್ತಾರೆ. ಸರಿಪಡಿಸಬಹುದಾದ ಲೋಪ, ಸರಿಪಡಿಸಲಾಗದ ಲೋಪ ಎಂದು ವಿಂಗಡಿಸುತ್ತಾರೆ. ಪುನರ್ವಿಮರ್ಶೆಯ ಅರ್ಜಿಯೂ ವಜಾ ಆದ ಮೇಲೆ, ಘೋರವಾದ ಅನ್ಯಾಯವಾಗಿದ್ದಲ್ಲಿ ಮಾತ್ರ, ಸರ್ವೋಚ್ಚ ನ್ಯಾಯಾಲಯದ ಮುಂದೆ ಸಲ್ಲಿಸಬಹುದಾದ ಕೊನೆಯ ಮೊರೆಗೆ ‘ಕ್ಯುರೇಟಿವ್’ ಅರ್ಜಿಯೆಂದು ಹೆಸರು. ಆ ನ್ಯಾಯಾಲಯವೇ ೨೦೦೨ರ ಒಂದು ತೀರ್ಪಿನಲ್ಲಿ ಈ ದಾರಿಯನ್ನು ತೆರೆಯಿತು. ಇಲ್ಲಿ ರೋಗಿಯಾದುದು ತೀರ್ಪು, ವೈದ್ಯರಾದವರು ನ್ಯಾಯಾಧೀಶರು.

ಈಗ ಕನ್ನಡದ ಕಡೆಗೆ ತಿರುಗೋಣ. ಒಂದು ಪದಕ್ಕೆ ಇಷ್ಟು ಅರ್ಥಗಳಿದ್ದರೆ ಮಕ್ಕಳು ಕಲಿಯುವುದೆಂತು ಎಂದು ಕೆಲವರು ಗಾಬರಿಪಡಬಹುದು. ಗಾಬರಿಗೆ ಕಾರಣವಿಲ್ಲ, ನಮ್ಮ ಮಕ್ಕಳು ಇದೇ ಕೆಲಸವನ್ನು ತಾಯ್ನುಡಿಯಲ್ಲಿ ದಿನವೂ ಶ್ರಮವಿಲ್ಲದೆ ಮಾಡುತ್ತಿರುವರು. ಗುಣ ಎಂಬ ಪದವನ್ನೇ ತೆಗೆದುಕೊಳ್ಳಿರಿ. ಅವನು ಗುಣವಂತ ಎಂಬಲ್ಲಿ ಶೀಲ. ಏಳನ್ನು ಎಂಟರಿಂದ ಗುಣಿಸು ಎಂಬಲ್ಲಿ ಗಣಿತ. ಜ್ವರ ಗುಣವಾಯಿತು ಎಂಬಲ್ಲಿ ಆರೋಗ್ಯ. ಎಂಟು ವರ್ಷದ ಹುಡುಗಿಯೂ ಇವುಗಳಲ್ಲಿ ಒಂದಕ್ಕೆ ಇನ್ನೊಂದನ್ನು ಬೆರೆಸಿ ತಪ್ಪುವುದಿಲ್ಲ. ವಾಸಿ ಎಂಬ ಪದವೂ ಹಾಗೆಯೇ. ನೋವು ವಾಸಿಯಾಯಿತು ಎಂದರೆ ಒಂದು, ಅದಕ್ಕಿಂತ ಇದೇ ವಾಸಿ ಎಂದರೆ ಇನ್ನೊಂದು, ಹುಣಸೂರುವಾಸಿ ಎಂದರೆ ಮತ್ತೊಂದು. ಈ ಪದಗಳನ್ನು ಅವಳು ಎರಡು ಸಾಲಿನ ಪಟ್ಟಿಯಿಂದ ಕಲಿಯಲಿಲ್ಲ. ಜ್ವರ ಬಂದಾಗ ತಾಯಿಯ ಬಾಯಿಂದ ಒಂದನ್ನು, ಮಗ್ಗಿ ಹೇಳುವಾಗ ಉಪಾಧ್ಯಾಯರ ಬಾಯಿಂದ ಒಂದನ್ನು, ಹೀಗೆ ಸಂದರ್ಭದೊಡನೆ ಕೂಡಿಸಿಯೇ ಕಲಿತಳು. ಪದವು ಕೆಲಸದೊಡನೆ ಬಂದರೆ ಅರ್ಥವೂ ತಾನಾಗಿ ಬರುತ್ತದೆ. ಕೆಲಸದಿಂದ ಕಿತ್ತು ತಂದ ಪದವು ಬೇರಿಲ್ಲದ ಸಸಿಯಂತೆ ಒಂದೇ ದಿನದಲ್ಲಿ ಬಾಡುತ್ತದೆ.

ಕ್ಯೂರ್ ಎಂಬುದಕ್ಕೆ ಸಮನಾದ ಪದವು ಕನ್ನಡದಲ್ಲಿ ಇಲ್ಲವೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು. ಒಂದೇ ಪದವಿಲ್ಲದಿರಬಹುದು, ಅದರ ಪ್ರತಿಯೊಂದು ಕೆಲಸಕ್ಕೂ ಪದವುಂಟು. ರೋಗಕ್ಕೆ ವಾಸಿಮಾಡುವುದು, ಗುಣಪಡಿಸುವುದು, ಹೊಗೆಸೊಪ್ಪಿಗೆ ಬೇಯಿಸುವುದು, ಹದಗೊಳಿಸುವುದು, ಚರ್ಮಕ್ಕೆ ಉಪ್ಪುಹಾಕುವುದು, ಕಾಫಿಗೆ ಸಂಸ್ಕರಿಸುವುದು, ಗಾರೆಗೆ ನೀರುಣಿಸುವುದು, ಲೋಪಕ್ಕೆ ಸರಿಪಡಿಸುವುದು. ಇವುಗಳಲ್ಲಿ ಹದ ಎಂಬುದು ವಿಶೇಷವಾಗಿ ನಮ್ಮದು. ಮಳೆಯ ಮಾರನೆಯ ದಿನ ಮಣ್ಣು ಹದವಾಗಿದೆ ಎನ್ನುವ ಒಕ್ಕಲಿಗ, ಪಾಕ ಹದಕ್ಕೆ ಬಂತು ಎನ್ನುವ ಗೃಹಿಣಿ, ಕತ್ತಿಯನ್ನು ಹದಕೊಡುವ ಕಮ್ಮಾರ, ಇವರೆಲ್ಲರ ಮಾತಿನಲ್ಲಿಯೂ ಇರುವುದು ಒಂದೇ ಅರಿವು: ಪ್ರತಿಯೊಂದು ವಸ್ತುವಿಗೂ ತಕ್ಕ ಒಂದು ಸ್ಥಿತಿಯುಂಟು, ಅದಕ್ಕೆ ಹೆಚ್ಚೂ ಆಗಬಾರದು, ಕಡಮೆಯೂ ಆಗಬಾರದು. ಸಂಸ್ಕಾರ ಎಂಬ ಮಾತಾದರೂ ಮನುಷ್ಯನಿಗೂ ಸಲ್ಲುತ್ತದೆ, ವಸ್ತುವಿಗೂ ಸಲ್ಲುತ್ತದೆ. ಒಂದು ದ್ರವ್ಯದಲ್ಲಿ ಬೇರೊಂದು ಗುಣವನ್ನು ನೆಲೆಗೊಳಿಸುವುದೇ ಸಂಸ್ಕಾರವೆಂಬ ಅಭಿಪ್ರಾಯವನ್ನು ಚರಕಸಂಹಿತೆಯು ಬಹು ಹಿಂದೆಯೇ ಹೇಳಿದೆ. ಲ್ಯಾಟಿನ್ ಜನರು ಆರೈಕೆಯಿಂದ ಹೊರಟು ತಲಪಿದ ಸ್ಥಳವನ್ನೇ ನಮ್ಮ ಹಿರಿಯರು ಗುಣದ ದಾರಿಯಿಂದ ತಲಪಿದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿ ಪ್ರಕಟವಾದುದು ಮೊದಲ್ಗೊಂಡು, ಶ್ರೀ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ದ ಮೂಲಕ ವರ್ಷಗಟ್ಟಲೆ ಓದುಗರ ಸಂದೇಹಗಳನ್ನು ಪರಿಹರಿಸಿದವರೆಗೆ, ಇಂತಹ ಸಾಮಗ್ರಿಯನ್ನು ವಿದ್ವಾಂಸರು ನಮಗೆ ಧಾರಾಳವಾಗಿ ಒದಗಿಸಿಕೊಟ್ಟಿರುವರು. ಉಪಯೋಗಿಸುವುದು ನಮ್ಮ ಹೊಣೆ.

ಇಷ್ಟಕ್ಕೂ ಈ ಪದದ ವಿಚಾರವನ್ನು ನಾವು ಎತ್ತಿದುದು ಕೇವಲ ಭಾಷಾಭಿಮಾನದಿಂದಲ್ಲ. ಪದಗಳಿಗೆ ಒಂದು ಪರಿಮಳವಿರುತ್ತದೆ. ಒಂದು ಅರ್ಥದ ಪರಿಮಳವು ಇನ್ನೊಂದು ಅರ್ಥಕ್ಕೂ ಅಂಟಿಕೊಳ್ಳುತ್ತದೆ. ಕ್ಯೂರ್ ಆದ ಎಲೆ ಎಂಬ ಮಾತಿನಲ್ಲಿ ಆರೋಗ್ಯದ ಪರಿಮಳವುಂಟು. ವಸ್ತುಸ್ಥಿತಿಯೋ ಅದಕ್ಕೆ ವಿರುದ್ಧ. ಆ ಎಲೆಯಿಂದ ಹುಟ್ಟುವ ವ್ಯಾಧಿಗಳ ಚಿತ್ರವನ್ನು ೨೦೦೯ರಿಂದ ಪೊಟ್ಟಣದ ಮೇಲೆಯೇ ಅಚ್ಚುಹಾಕಬೇಕಾಗಿ ಬಂದಿದೆ. ಬಳಸುವವನಿಗೆ ಮಾತ್ರವಲ್ಲ, ಬೆಳೆಯುವವನಿಗೂ ಅಪಾಯವುಂಟು. ನಮ್ಮ ಸೀಮೆಯಲ್ಲಿ ಕೊಯ್ಲು ನಡೆಯುವುದು ಮಳೆಗಾಲದಲ್ಲಿ. ಎಲೆಯ ಮೇಲಣ ಮಳೆನೀರಿನಲ್ಲಿಯೂ ಇಬ್ಬನಿಯಲ್ಲಿಯೂ ನಿಕೋಟಿನ್ ಕರಗಿ, ಮುರಿಯುವವರ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. ತಲೆಸುತ್ತು, ತಲೆನೋವು, ವಾಕರಿಕೆ, ವಾಂತಿಗಳು ಉಂಟಾಗುತ್ತವೆ. ಹಸಿರು ತಂಬಾಕಿನ ಕಾಯಿಲೆಯೆಂದು ವೈದ್ಯರು ಇದನ್ನು ಕರೆಯುತ್ತಾರೆ. ಬಿಸಿಲಿಗೋ ಹಸಿವಿಗೋ ಬಂದ ತಲೆಸುತ್ತೆಂದು ಇದನ್ನು ಅಲಕ್ಷಿಸುವುದು ಸುಲಭ. ಎಲೆಯ ನೀರು ಆರುವವರೆಗೆ ಕಾಯುವುದು, ಕೈಚೀಲ ತೊಡುವುದು, ನೀರಿಳಿಯದ ಬಟ್ಟೆ ಧರಿಸುವುದು, ನೆನೆದ ಬಟ್ಟೆಯನ್ನು ಕೂಡಲೇ ಬದಲಿಸಿ ಸಾಬೂನಿನಿಂದ ಮೈತೊಳೆಯುವುದು ಇವೇ ಇದಕ್ಕೆ ರಕ್ಷೆ. ಇಲ್ಲಿ ನಿವಾರಣೆಯೇ ವಾಸಿಗಿಂತ ವಾಸಿ.

ಇದಲ್ಲದೆ, ಒಂದು ಕಿಲೋಗ್ರಾಂ ಎಲೆಯನ್ನು ಹದಗೊಳಿಸಲು ನಾಲ್ಕೈದು ಕಿಲೋಗ್ರಾಂ ಸೌದೆ ಬೇಕೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾಗರಹೊಳೆಯ ಅರಣ್ಯಕ್ಕೆ ತಗುಲಿಕೊಂಡಿರುವ ತಾಲ್ಲೂಕುಗಳಲ್ಲಿ ಈ ಲೆಕ್ಕಕ್ಕೆ ಇರುವ ಭಾರವನ್ನು ವಿವರಿಸಬೇಕಾದುದಿಲ್ಲ. ತಂಬಾಕಿನ ನಿಯಂತ್ರಣಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು ೨೦೦೪ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಲಾಭದಾಯಕವಾದ ಬೇರೆ ಜೀವನೋಪಾಯವನ್ನು ಬೆಳೆಸಬೇಕೆಂಬುದೂ ಅದರಲ್ಲಿ ಒಂದು ವಿಧಿ. ಮಳೆಯಾಧಾರದ ಹಗುರವಾದ ಮಣ್ಣಿನಲ್ಲಿ, ಖಚಿತವಾದ ಮಾರುಕಟ್ಟೆಯಿರುವ ಬೆಳೆಯೆಂದು ಇದನ್ನು ಹಿಡಿದ ರೈತನನ್ನು ದೂಷಿಸುವುದು ನ್ಯಾಯವಲ್ಲ. ಲೈಸೆನ್ಸು ಕೊಟ್ಟವರೂ ಸುಂಕ ಪಡೆದವರೂ ಸರ್ಕಾರದವರೇ. ಬದಲಿ ಬೆಳೆಯ ವಿಚಾರವನ್ನು ನಿರ್ಧರಿಸತಕ್ಕವನು ಕಡೆಗೆ ಅವನೇ. ಅವನು ನಿರ್ಧರಿಸಬೇಕಾದರೆ ಅವನ ಬಾಳನ್ನು ಆಳುವ ಪದಗಳು ಅವನಿಗೆ ತಿಳಿಯುವಂತಿರಬೇಕು. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಅಂಟಿಸಿದ ಮಾತ್ರಕ್ಕೆ ಅದು ಕನ್ನಡದ ಪ್ರಕಟಣೆಯಾಗುವುದಿಲ್ಲ. ‘ಫ್ಲೂ ಕ್ಯೂರ್ಡ್’ ಎಂದು ಬರೆದುದನ್ನು ಓದಿದವನಿಗೆ ಜ್ವರದ ನೆನಪಾದರೆ ಆ ಬರಹವು ತನ್ನ ಕೆಲಸದಲ್ಲಿ ಸೋತಿದೆ. ಕೊಳವೆಯ ಶಾಖದಲ್ಲಿ ಹದಗೊಳಿಸಿದ ಹೊಗೆಸೊಪ್ಪು ಎಂದು ಬರೆದರೆ ಸಾಲು ತುಸು ಉದ್ದವಾದೀತು; ಅರ್ಥವು ನೇರವಾಗುವುದು.

ಆದುದರಿಂದ ನಮ್ಮ ಸೂಚನೆಗಳು ಸರಳವಾಗಿವೆ. ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರು ಇಂಗ್ಲಿಷ್ ಪಾಠಕ್ಕೆ ಪುಸ್ತಕದೊಡನೆ ಊರನ್ನೂ ತೆರೆಯಲಿ. ಮಕ್ಕಳು ಬ್ಯಾರನ್ನಿನಲ್ಲಿ, ಗಾರೆಯವನ ಬಳಿ, ಆಸ್ಪತ್ರೆಯಲ್ಲಿ, ಟಯರಿಗೆ ರಬ್ಬರು ಕಟ್ಟುವ ಅಂಗಡಿಯಲ್ಲಿ ಕೇಳಿದ ಇಂಗ್ಲಿಷ್ ಪದಗಳನ್ನು ತಂದು, ಯಾರು, ಎಲ್ಲಿ, ಯಾವ ಕೆಲಸಕ್ಕೆ ಹೇಳಿದರೆಂಬುದರೊಡನೆ ಒಂದು ಪುಸ್ತಕದಲ್ಲಿ ಬರೆಯಲಿ. ಒಂದು ಪದಕ್ಕೆ ಐದು ಸಾಲು ತುಂಬಿದ ದಿನ ಮಗುವಿಗೆ ಇಂಗ್ಲಿಷಿನ ಭಯವು ತಾನಾಗಿ ಬಿಡುವುದು. ತನ್ನ ತಂದೆತಾಯಿಗಳ ಕಸುಬಿನ ಮೇಲೆ ಗೌರವವೂ ಬೆಳೆಯುವುದು. ಅಧಿಕಾರಿಗಳು ಹರಾಜು ಕಟ್ಟೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಹ್ಯಾಂಡ್‌ಪೋಸ್ಟಿನಂತಹ ಕೂಡುದಾರಿಯ ಊರುಗಳಲ್ಲಿಯೂ ಪ್ರಕಟಣೆಯನ್ನು ಹಚ್ಚಿಸುವ ಮೊದಲು ಅದನ್ನು ಒಬ್ಬ ಬೇಸಾಯಗಾರನಿಗೆ ಓದಿಹೇಳಿ, ಅವನು ಏನೆಂದು ತಿಳಿದನೆಂಬುದನ್ನು ಕೇಳಲಿ. ಇದಕ್ಕೆ ಹಣವು ಬೇಕಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. ಬೇಕಾದುದು ಸ್ವಲ್ಪ ಲಕ್ಷ್ಯ. ನಿಘಂಟುಕಾರರು ಹೊಲದ ಮಾತನ್ನು, ಬೇಯಿಸು, ಕಡ್ಡಿಕಟ್ಟು, ಮುರಿ ಮೊದಲಾದ ಪದಗಳನ್ನು, ಅವುಗಳ ಕಸುಬಿನ ಅರ್ಥದೊಡನೆ ತಮ್ಮ ಪುಟಗಳಿಗೆ ಸೇರಿಸಲಿ.

ಇಂಗ್ಲಿಷ್ ಭಾಷೆಯನ್ನು ನಾವು ಬೇಡವೆನ್ನುವುದಿಲ್ಲ. ಅದನ್ನು ಅರೆಯಾಗಿ ಕಲಿಯುವುದನ್ನು ಬೇಡವೆನ್ನುತ್ತೇವೆ. ಪರಭಾಷೆಯ ಒಂದು ಪದವನ್ನು ಅದರ ಎಲ್ಲಾ ಕೆಲಸಗಳೊಡನೆ ಕಲಿತವನಿಗೆ ತನ್ನ ಭಾಷೆಯ ಹತ್ತು ಪದಗಳ ಬೆಲೆ ತಿಳಿಯುವುದು. ಕ್ಯೂರ್ ಎಂಬುದರ ಮೂಲಾರ್ಥವು ಆರೈಕೆ ಎಂಬುದನ್ನು ಮರೆಯದಿರೋಣ. ಎಲೆಗೆ ಏಳು ದಿವಸ, ಛಾವಣಿಗೆ ಏಳು ದಿವಸ ಎಡೆಬಿಡದೆ ಆರೈಕೆ ಮಾಡಬಲ್ಲ ನಮ್ಮ ಜನರು, ತಮ್ಮ ಮಕ್ಕಳ ನಾಲಗೆಯ ಮೇಲೆ ಕುಳಿತ ಪದಗಳಿಗೂ ಅಷ್ಟೇ ಆರೈಕೆಯನ್ನು ಕೊಡುವರೆಂದು ನಾವು ನಂಬುತ್ತೇವೆ.